ಶಾಲೆಯ ಛಾವಣಿಗೆ ಹೊಣೆ ಯಾರು?

(ಹೊಸಪೇಟೆಯಲ್ಲಿ ಶಾಲಾ ಆಡಳಿತ ಮಂಡಳಿಗಳ ಪದಾಧಿಕಾರಿಗಳ ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಮಾತನಾಡುತ್ತೇವೆ. ಅರ್ಧಕ್ಕೆ ಶಾಲೆ ಬಿಡುವ ಹುಡುಗರ ಬಗ್ಗೆ, ಮಂಜೂರಾಗದ ವಿದ್ಯಾರ್ಥಿವೇತನದ ಬಗ್ಗೆ ಮಾತನಾಡುತ್ತೇವೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ನಾನು ಇಂದು ಕೊಠಡಿಯ ಒಳಗೆ ನಡೆಯುವುದನ್ನು ಬಿಟ್ಟು ಕೊಠಡಿಯ ಮೇಲಿರುವುದರ ಬಗ್ಗೆ ಮಾತನಾಡಲು ಅನುಮತಿ ಕೇಳಿದ್ದೇನೆ. ಅದಕ್ಕೊಂದು ಕಾರಣವಿದೆ. ಕಾರಣ ನನ್ನದೇ ತಪ್ಪು.

ಹಲವು ವರ್ಷಗಳ ಹಿಂದೆ ನಾನು ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಶಾಲೆಯ ಹೆಸರು ಇಲ್ಲಿ ಬೇಡ. ನಾಲ್ಕು ಕೊಠಡಿಗಳಿಗೆ ಸಿಮೆಂಟ್ ಶೀಟಿನ ಹೊದಿಕೆಯಿತ್ತು. ನಮ್ಮ ಸೀಮೆಯ ಮಂಗಗಳ ವಿಷಯ ನಿಮಗೆ ಹೇಳಬೇಕಿಲ್ಲ. ಅವು ಹಾರಿ ಹಾರಿ ಶೀಟುಗಳು ಬಿರುಕು ಬಿಟ್ಟಿದ್ದವು, ಮುಂಗಾರಿನ ಗಾಳಿ ಉಳಿದದ್ದನ್ನು ಮುಗಿಸಿತ್ತು. ಒಂದು ಭಾನುವಾರ ತಗಡು ಹಾಕಿಸಲು ನಿಶ್ಚಯಿಸಿದೆವು. ಮಿಸ್ತ್ರಿ ಮೇಲೇರಿ ಸುತ್ತಿಗೆಯಿಂದ ಬಡಿದು ಹಳೆಯ ಶೀಟುಗಳನ್ನು ಕೆಳಕ್ಕೆ ಬೀಳಿಸಿದ. ಏಳನೇ ತರಗತಿಯ ಹುಡುಗರು ಚೂರುಗಳನ್ನು ಹೊತ್ತು ಕಾಂಪೌಂಡಿನ ಹಿಂದಿನ ಗುಂಡಿಗೆ ಹಾಕಿದರು. ಅವರ ತಲೆಗೂದಲು, ಹುಬ್ಬು, ರೆಪ್ಪೆಗಳ ಮೇಲೆಲ್ಲ ಬೂದು ಬಣ್ಣದ ಪುಡಿ. ಒಬ್ಬರನ್ನೊಬ್ಬರು ‘ಅಜ್ಜ’ ಎಂದು ಕರೆದು ನಗುತ್ತಿದ್ದರು. ಸಂಜೆ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ಕೊಡಿಸಿ, ಶಾಲೆಗೆ ಸೇವೆ ಮಾಡಿದಿರಿ ಎಂದು ನಾನೇ ನಾಲ್ಕು ಮಾತು ಹೊಗಳಿದೆ. ಒಡೆಯದೆ ಉಳಿದ ಎರಡು ಶೀಟುಗಳನ್ನು ನೆರೆಮನೆಯವರು ಕೋಳಿಗೂಡಿಗೆಂದು ಒಯ್ದರು.

ಆ ಪುಡಿ ಏನೆಂಬುದು ನನಗೆ ತಿಳಿದದ್ದು ಬಹಳ ಕಾಲದ ನಂತರ. ಆ ಹುಡುಗರು ಈಗ ಮಕ್ಕಳೊಂದಿಗರು. ಯಾರಿಗೂ ಏನೂ ಆದಂತಿಲ್ಲ. ಆದರೆ ಈ ರೋಗದ ಲೆಕ್ಕದಲ್ಲಿ ಅವಧಿ ಇನ್ನೂ ಮುಗಿದಿಲ್ಲ. ಅಂದು ಯಾರು ಯಾರು ಹೊತ್ತರು ಎಂಬ ಪಟ್ಟಿಯನ್ನು ನಾವು ಮಾಡಲಿಲ್ಲ. ಕಾರ್ಯದರ್ಶಿಯ ಪುಸ್ತಕದಲ್ಲಿ ತಗಡಿನ ಬಿಲ್ಲಿದೆ, ಮಂಡಕ್ಕಿಯ ಬಿಲ್ಲೂ ಇದೆ. ಮಕ್ಕಳ ಹೆಸರಿಲ್ಲ.

ಕನ್ನಡದಲ್ಲಿ ಆಸ್ಬೆಸ್ಟಾಸಿಗೆ ‘ಕಲ್ನಾರು’ ಎಂಬ ಸೊಗಸಾದ ಹೆಸರಿದೆ. ಹೆಸರೇ ಅದರ ಗುಣವನ್ನು ಹೇಳುತ್ತದೆ. ಅದು ಕಲ್ಲು, ಆದರೆ ನಾರಾಗಿ ಬಿಡಿಸಿಕೊಳ್ಳುವ ಕಲ್ಲು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಕಡಪ ಜಿಲ್ಲೆಯ ಪುಲಿವೆಂದುಲದ ಕಡೆ ಇದರ ಗಣಿಗಳಿದ್ದವು. ದೇಶದಲ್ಲಿ 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಲಾಗಿದೆ. ಆದರೆ ರಷ್ಯಾ ಮೊದಲಾದ ದೇಶಗಳಿಂದ ಆಮದಾಗುವುದು ನಿಂತಿಲ್ಲ. ನೆಲದಿಂದ ಅಗೆಯಲು ಅಪಾಯವೆನಿಸಿದ ವಸ್ತುವನ್ನು ಹಡಗಿನಲ್ಲಿ ತರಿಸಿ ಬಡವರ ಛಾವಣಿಗೆ ಹೊದಿಸಬಹುದೆಂಬ ಈ ನೀತಿಯ ಮರ್ಮ ಏನೆಂದು ದೆಹಲಿಯಲ್ಲಿ ಕುಳಿತವರೇ ಹೇಳಬೇಕು.

ಸಿಮೆಂಟ್ ಶೀಟಿನಲ್ಲಿ ನೂರಕ್ಕೆ ಎಂಟರಿಂದ ಹತ್ತು ಭಾಗದಷ್ಟು ಬಿಳಿ ಕಲ್ನಾರು ಇರುತ್ತದೆ, ಉಳಿದದ್ದು ಹೆಚ್ಚಾಗಿ ಸಿಮೆಂಟು. ಶೀಟು ಗಟ್ಟಿಯಾಗಿರುವಷ್ಟು ಕಾಲ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಕೊಯ್ದರೆ, ಕೊರೆದರೆ, ಒಡೆದರೆ, ಅಥವಾ ಬಿಸಿಲು ಮಳೆಗೆ ದಶಕಗಳ ಕಾಲ ಸವೆದರೆ ಅದು ಹೊರಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಶ್ವಾಸಕೋಶವನ್ನು ಗಟ್ಟಿ ಮಾಡುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಪೊರೆಗೆ ತಗಲುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್, ಇವು ಅದರ ಫಲಗಳು. ರೋಗ ತಲೆಯೆತ್ತಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾಗಬಹುದು. ಕೆಲಸದ ಸ್ಥಳದಲ್ಲಿ ಕಲ್ನಾರಿಗೆ ಒಡ್ಡಿಕೊಂಡ ಕಾರಣದಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರ್ಖಾನೆಗೆ ಕಾಲಿಡದೆ, ಗಂಡನ ಬಟ್ಟೆ ಒಗೆದು ಒಗೆದೇ ರೋಗಕ್ಕೆ ತುತ್ತಾದ ಹೆಂಗಸರ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗ್ಯಾರೇಜಿನಲ್ಲಿ ಹಳೆಯ ಬ್ರೇಕ್ ಶೂಗಳ ಧೂಳನ್ನು ಗಾಳಿ ಹೊಡೆದು ಹಾರಿಸುವ ನಮ್ಮ ಹುಡುಗರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ಅದು ಬೇರೊಂದು ದಿನದ ವಿಷಯ.

ಮಕ್ಕಳ ವಿಷಯವೇಕೆ ಬೇರೆ? ಬ್ರಿಟನ್ನಿನ ಸರಕಾರಕ್ಕೆ ಸಲಹೆ ನೀಡುವ ಕ್ಯಾನ್ಸರ್ ತಜ್ಞರ ಸಮಿತಿಯು 2013ರಲ್ಲಿ ಒಂದು ಅಂದಾಜು ಕೊಟ್ಟಿತು. ಅದರ ಪ್ರಕಾರ, ಒಂದೇ ಪ್ರಮಾಣದ ನಾರಿಗೆ ಐದನೇ ವಯಸ್ಸಿನಲ್ಲಿ ಒಡ್ಡಿಕೊಂಡ ಮಗುವಿಗೆ ಮೆಸೊಥೆಲಿಯೋಮ ಬರುವ ಸಾಧ್ಯತೆ, ಮೂವತ್ತನೇ ವಯಸ್ಸಿನಲ್ಲಿ ಒಡ್ಡಿಕೊಂಡವನಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಲೆಕ್ಕ ಸರಳ. ಮಗುವಿನ ಮುಂದೆ ಆಯುಷ್ಯ ಹೆಚ್ಚು ಉಳಿದಿದೆ. ಆದ್ದರಿಂದ ರೋಗಕ್ಕೆ ಬಲಿಯಲು ಕಾಲವೂ ಹೆಚ್ಚು ಸಿಗುತ್ತದೆ.

ಹಾಗೆಂದು ನಾಳೆಯೇ ಮಕ್ಕಳನ್ನು ಶಾಲೆ ಬಿಡಿಸಿ ಎಂದು ಹೇಳಲು ನಾನು ಬಂದಿಲ್ಲ. ಬಿರುಕಿಲ್ಲದ ಛಾವಣಿಯ ಕೆಳಗೆ ಕುಳಿತ ಮಗುವಿನ ಅಪಾಯ, ಒಡೆದ ಶೀಟನ್ನು ಹೊತ್ತ ಮಗುವಿನ ಅಪಾಯಕ್ಕೆ ಸಮನಲ್ಲ. ಶಾಲೆ ಬಿಟ್ಟ ಮಗುವಿನ ನಷ್ಟವೂ ಸಣ್ಣದಲ್ಲ. ಗಾಬರಿಯಿಂದ ಛಾವಣಿ ಕಿತ್ತವರೇ ಹೆಚ್ಚು ಧೂಳು ಎಬ್ಬಿಸುತ್ತಾರೆ.

ಈಗ ಕಾನೂನಿಗೆ ಬರೋಣ. ಶಾಲೆಯಲ್ಲಿರುವ ಆಸ್ಬೆಸ್ಟಾಸನ್ನು ಹೇಗೆ ನಿರ್ವಹಿಸಬೇಕೆಂದು ಹೇಳುವ ಪ್ರತ್ಯೇಕ ಕಾಯ್ದೆಯನ್ನು ನಮ್ಮ ಸಂಸತ್ತು ಮಾಡಿಲ್ಲ. ಅಮೆರಿಕ 1986ರಲ್ಲೇ ಮಾಡಿತು. ಅಲ್ಲಿನ ಸಾರ್ವಜನಿಕ ಶಾಲೆಗಳೂ ಲಾಭರಹಿತ ಖಾಸಗಿ ಶಾಲೆಗಳೂ ಕಟ್ಟಡವನ್ನು ಪರೀಕ್ಷಿಸಿ ನಿರ್ವಹಣಾ ಯೋಜನೆಯನ್ನು ಬರೆದಿಡಬೇಕು, ಆರು ತಿಂಗಳಿಗೊಮ್ಮೆ ನೋಡಬೇಕು, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಬೇಕು, ಹೆತ್ತವರಿಗೂ ಶಿಕ್ಷಕರಿಗೂ ವರ್ಷಕ್ಕೊಮ್ಮೆ ತಿಳಿಸಬೇಕು. ಬ್ರಿಟನ್ ಎಲ್ಲ ಬಗೆಯ ಆಸ್ಬೆಸ್ಟಾಸಿನ ಬಳಕೆಯನ್ನು 1999ರಲ್ಲಿ ನಿಷೇಧಿಸಿತು, ಆದರೆ ಹಳೆಯ ಕಟ್ಟಡಗಳಲ್ಲಿ ಅದು ಉಳಿದಿದೆ. ಅಲ್ಲಿನ 2012ರ ನಿಯಮವು ಒಂದೇ ಪ್ರಶ್ನೆಯಿಂದ ಆರಂಭವಾಗುತ್ತದೆ: ಈ ಕಟ್ಟಡದ ದುರಸ್ತಿಯ ಹೊಣೆ ಯಾರದು? ದುರಸ್ತಿ ಯಾರದೋ ಆಸ್ಬೆಸ್ಟಾಸಿನ ಹೊಣೆಯೂ ಅವರದೇ. ಇಲ್ಲವೆಂದು ಬಲವಾದ ಆಧಾರ ಸಿಗುವ ತನಕ ಅದು ಇದೆಯೆಂದೇ ಭಾವಿಸಬೇಕು. ಇಷ್ಟು ಸರಳವಾದ ನಿಯಮವನ್ನು ನಾವು ಯಾರ ಅಪ್ಪಣೆಗೂ ಕಾಯದೆ ನಮ್ಮ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಬಹುದಲ್ಲವೇ?

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1995ರ ಜನವರಿ 27ರಂದು ಸುಪ್ರೀಮ್ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಬಗ್ಗೆ ದೊಡ್ಡ ತೀರ್ಪು ನೀಡಿತು. ಕಾರ್ಮಿಕನ ಆರೋಗ್ಯದ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯ ತನಕ ಅವನ ಆರೋಗ್ಯದ ದಾಖಲೆಯನ್ನು ಇಡಬೇಕೆಂದಿತು. ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. 2011ರಲ್ಲಿ ಆಸ್ಬೆಸ್ಟಾಸನ್ನೇ ನಿಷೇಧಿಸಬೇಕೆಂಬ ಅರ್ಜಿ ಬಂದಾಗ, ಅದು ಶಾಸನ ಸಭೆಯ ಕೆಲಸವೆಂದು ಕೋರ್ಟು ಹಿಂಜರಿಯಿತು, 1995ರ ನಿರ್ದೇಶನಗಳನ್ನು ಪಾಲಿಸುವಂತೆ ಮತ್ತೊಮ್ಮೆ ಹೇಳಿತು. ಬಿಳಿ ಕಲ್ನಾರಿನ ನಿಷೇಧಕ್ಕೆಂದು 2009ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಆಗ ಬಾಕಿಯಿತ್ತು. ಅದು ಕಾನೂನಾಗಲಿಲ್ಲ. ಒಟ್ಟಿನಲ್ಲಿ ನಮ್ಮ ಕಾನೂನಿನ ದೃಷ್ಟಿ ಕಾರ್ಖಾನೆಯ ಗೇಟಿನ ಒಳಗಿದೆ. ಶೀಟು ಲಾರಿ ಹತ್ತಿ ಗೇಟು ದಾಟಿದ ನಂತರ ಅದು ಯಾರ ತಲೆಯ ಮೇಲೆ ಕುಳಿತಿತು, ಯಾರು ಅದನ್ನು ಒಡೆದರು ಎಂದು ಕೇಳುವವರಿಲ್ಲ.

ಶಾಲೆಯ ಗೇಟಿನ ಒಳಗೆ ಬಂದ ತೀರ್ಪು ಬೇರೊಂದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಒಲೆಯ ಕಿಡಿ ಗರಿಯ ಛಾವಣಿಗೆ ತಾಗಿ 90ಕ್ಕೂ ಹೆಚ್ಚು ಮಕ್ಕಳು ಬೆಂದುಹೋದರು. ಆ ಸಂಬಂಧದ ಅರ್ಜಿಯ ಮೇಲೆ 2009ರ ಏಪ್ರಿಲ್ 13ರಂದು ಸುಪ್ರೀಮ್ ಕೋರ್ಟ್ ತೀರ್ಪು ನೀಡಿತು. ಅವಿನಾಶ್ ಮೆಹ್ರೋತ್ರಾ ಪ್ರಕರಣವೆಂದು ವಕೀಲರು ಅದನ್ನು ಕರೆಯುತ್ತಾರೆ. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆ, ಮಾನ್ಯತೆ ನೀಡುವ ಮೊದಲು ಕಟ್ಟಡ ಎಲ್ಲ ದೃಷ್ಟಿಯಿಂದಲೂ ಸುರಕ್ಷಿತವೆಂದು ಸರಕಾರ ಖಚಿತಪಡಿಸಿಕೊಳ್ಳಬೇಕು, ಶಾಲಾ ಕಟ್ಟಡದಲ್ಲಿ ಉರಿಯುವ ಮತ್ತು ವಿಷಕಾರಿ ವಸ್ತುಗಳು ಇರಬಾರದು ಎಂಬುದು ಅದರ ಸಾರ. ಈ ಕೊನೆಯ ಮಾತನ್ನು ಬರೆಯುವಾಗ ನ್ಯಾಯಾಧೀಶರ ಮನಸ್ಸಿನಲ್ಲಿ ಛಾವಣಿಯ ಶೀಟು ಇತ್ತೆಂದು ನಾನು ವಾದಿಸಲಾರೆ, ಅವರ ಮುಂದಿದ್ದದ್ದು ಬೆಂಕಿ. ಆದರೆ ಒಡೆದ ಕಲ್ನಾರಿನ ರಾಶಿಯನ್ನು ಆಟದ ಅಂಗಳದಲ್ಲಿ ಇಟ್ಟುಕೊಂಡ ಶಾಲೆ ಆ ಮಾತಿನ ಮುಂದೆ ಏನೆಂದು ಉತ್ತರಿಸೀತು? ದುರಂತದ ಬಳಿಕ ಗರಿಯ ಛಾವಣಿ ತೆಗೆಯಲು ತಮಿಳುನಾಡು ಆದೇಶಿಸಿತು. ಸುಡದ ಹೊದಿಕೆ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದೇ ಸಿಮೆಂಟ್ ಶೀಟು ಎಂಬುದು ಇದರಲ್ಲಿನ ವಿಪರ್ಯಾಸ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಎಲ್ಲ ಋತುಮಾನಗಳಿಗೂ ಸಲ್ಲುವ ಕಟ್ಟಡ ಬೇಕೆನ್ನುತ್ತದೆ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿಯ ಬಿಸಿಲಿಗೆ ಕಾದ ಶೀಟಿನ ಕೆಳಗೆ, ಜುಲೈಯಲ್ಲಿ ಮಳೆಯ ಸದ್ದಿಗೆ ಉಪಾಧ್ಯಾಯರ ಧ್ವನಿಯೇ ಕೇಳದ ಕೊಠಡಿ ಯಾವ ಋತುಮಾನಕ್ಕೆ ಸಲ್ಲುತ್ತದೆ? ಸರಕಾರಿ ಉರ್ದು ಶಾಲೆಯಾಗಲಿ ಕನ್ನಡ ಶಾಲೆಯಾಗಲಿ, ಕಟ್ಟಡ ಒದಗಿಸುವ ಹೊಣೆ ಕಾಯ್ದೆಯ 8 ಮತ್ತು 9ನೇ ಸೆಕ್ಷನ್‌ಗಳ ಪ್ರಕಾರ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳದ್ದು. ಶಾಲೆಗೆ ಏನು ಬೇಕೆಂಬ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರ ಹೆತ್ತವರೇ ಬಹುಪಾಲು ಇರುವ ಸಮಿತಿಯದ್ದು. ನಮ್ಮ ರಾಜ್ಯದಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತೇವೆ. ಹಾಜರಿ ಪುಸ್ತಕಕ್ಕೆ ರುಜು ಹಾಕಿ ಚಹಾ ಕುಡಿದು ಎದ್ದು ಬರಲು ಆ ಸಮಿತಿ ಇರುವುದಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ಮರೆಮಾಚದೆ ಹೇಳಬೇಕು. 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳಿಗೆ ಈ ಕಾಯ್ದೆ ಅನ್ವಯಿಸದು. 2014ರ ಮೇ 6ರ ಪ್ರಮತಿ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತರ ಶಾಲೆಗಳಿಗೂ ಅನ್ವಯಿಸದು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಪ್ರಮತಿ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಲೆಂದು ಪ್ರಶ್ನೆಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಮುಂದೆ ಏನೇ ಆಗಲಿ, ವಿನಾಯಿತಿಯನ್ನು ನಾವು ಹೇಗೆ ಅರ್ಥ ಮಾಡಿಕೊಂಡಿದ್ದೇವೆ ಎಂಬುದು ಮುಖ್ಯ. ಸಂವಿಧಾನದ 30ನೇ ವಿಧಿ ನಮಗೆ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆದರೆ ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸುಪ್ರೀಮ್ ಕೋರ್ಟ್ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಹೇಳಿದೆ. ಮಕ್ಕಳ ಸುರಕ್ಷೆಯ ತೀರ್ಪಿಗೆ ಬದುಕುವ ಹಕ್ಕೂ ಆಧಾರ, ಅದರಿಂದ ಯಾವ ಮಂಡಳಿಗೂ ವಿನಾಯಿತಿ ಇಲ್ಲ. ಶಾಲೆಯ ಮಹಾದ್ವಾರಕ್ಕೆ ಗ್ರಾನೈಟ್ ಹೊದಿಸಿ, ದಾನಿಗಳ ಹೆಸರು ಕೆತ್ತಿಸಿ, ಅದರ ಹಿಂದೆ ಮೂವತ್ತು ವರ್ಷದ ಶೀಟಿನ ಕೆಳಗೆ ಮಕ್ಕಳನ್ನು ಕೂರಿಸುವುದು ಯಾವ ಬಗೆಯ ಆಡಳಿತ? ಹೆತ್ತವರು ನಮ್ಮ ಬಳಿ ಬಿಟ್ಟು ಹೋಗುವ ಮಗು ಅಮಾನತ್ತು. ಅಮಾನತ್ತಿಗೆ ಸೆಕ್ಷನ್ ಹುಡುಕಬೇಕಾಗಿಲ್ಲ.

ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಪ್ರಕಾರ ಅಪರಾಧ. ಶಾಲಾ ಆಡಳಿತದ ಹೊಣೆಯನ್ನು ನಿಗದಿಪಡಿಸುವ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಇಲಾಖೆ 2021ರಲ್ಲಿ ಹೊರಡಿಸಿದೆ. ಆದರೆ ಗೋಡೆ ಕುಸಿದರೆ ಅಂದೇ ಪೊಲೀಸರು ಬರುತ್ತಾರೆ. ಮೂವತ್ತು ವರ್ಷದ ನಂತರ ಕೆಮ್ಮಿದವನು ಯಾವ ಠಾಣೆಗೆ ಹೋಗಬೇಕು? ಯಾವ ಶಾಲೆಯ ಯಾವ ಕೊಠಡಿ ಎಂದು ಹೇಗೆ ಸಾಬೀತುಪಡಿಸಬೇಕು? ಶಿಕ್ಷೆಯ ಭಯ ಇಲ್ಲಿ ಕೆಲಸ ಮಾಡದು. ಉಳಿಯುವುದು ದಾಖಲೆ ಮಾತ್ರ. ಕಾರ್ಖಾನೆಯ ಮಾಲಿಕ 40 ವರ್ಷ ದಾಖಲೆ ಇಡಬೇಕೆಂದಾದರೆ, ದಾಖಲಾತಿ ಪುಸ್ತಕವನ್ನು ಶಾಶ್ವತವಾಗಿ ಕಾಪಾಡುವ ಶಾಲೆಗೆ ಛಾವಣಿಯ ಪುಸ್ತಕವೊಂದು ಭಾರವಾಗದು.

ಕೇರಳದ ಮಾನವ ಹಕ್ಕುಗಳ ಆಯೋಗ ಶಾಲೆಗಳ ಆಸ್ಬೆಸ್ಟಾಸ್ ಛಾವಣಿ ತೆಗೆದು ಹೆಂಚು ಹೊದಿಸುವಂತೆ 2009ರಲ್ಲೇ ಅಲ್ಲಿನ ಸರಕಾರಕ್ಕೆ ಸೂಚಿಸಿತ್ತು. ಕಾಸರಗೋಡಿನ ಕನ್ನಡ ಶಾಲೆಗಳೂ ಆ ರಾಜ್ಯದಲ್ಲೇ ಇವೆ. ಈ ಪ್ರಶ್ನೆ ಇತ್ತೀಚೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೂ ಹೋಗಿದೆ. ಹಾಗಾಗಿ ಇಂದಲ್ಲ ನಾಳೆ ನಮ್ಮ ಬಾಗಿಲಿಗೂ ಸುತ್ತೋಲೆ ಬರಬಹುದು. ಬಂದ ನಂತರ ಅವಸರದಲ್ಲಿ ಸುತ್ತಿಗೆ ಎತ್ತುವುದಕ್ಕಿಂತ ಈಗಲೇ ಕಣ್ಣು ಹಾಯಿಸುವುದು ಲೇಸು.

ಏನು ಮಾಡಬೇಕು? ಮೊದಲು, ಛಾವಣಿಯ ಹೊಣೆ ಯಾರದೆಂದು ಒಬ್ಬರ ಹೆಸರನ್ನು ನಿರ್ಣಯದಲ್ಲಿ ಬರೆಯಿರಿ. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ ಎಂಬುದು ನಮ್ಮ ಸಂಸ್ಥೆಗಳ ಚರಿತ್ರೆ. ಆತ ಒಂದು ದಿನ ಶಾಲೆಯನ್ನೆಲ್ಲ ಸುತ್ತಲಿ. ತರಗತಿ ಮಾತ್ರವಲ್ಲ, ಅಡುಗೆಮನೆ, ಶೌಚಾಲಯ, ಸೈಕಲ್ ನಿಲ್ಲಿಸುವ ಜಾಗ, ಹಳೆಯ ಸಿಮೆಂಟ್ ಪೈಪು, ಹಿತ್ತಿಲಿನ ರಾಶಿ ಎಲ್ಲವನ್ನೂ ನೋಡಲಿ. ಸುಮಾರು 6 ಮಿ.ಮೀ. ದಪ್ಪದ ಬೂದು ಬಣ್ಣದ ಅಲೆಯ ಶೀಟಾದರೆ ಕಲ್ನಾರೆಂದೇ ಬರೆದುಕೊಳ್ಳಲಿ. ತಗಡು ಬೇರೆ, ಅದರಲ್ಲಿ ಇದಿಲ್ಲ. ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಈಗ ಬಂದಿವೆ, ಬಿಲ್ಲು ಇದ್ದರೆ ತಿಳಿಯುತ್ತದೆ. ಎಷ್ಟು ಶೀಟು, ಯಾವ ವರ್ಷದ್ದು, ಎಲ್ಲಿ ಬಿರುಕು ಎಂದು ಬರೆದು ಫೋಟೋ ತೆಗೆದಿಡಲಿ. ಆ ಪುಸ್ತಕವನ್ನು ಕೇಳಿದ ಹೆತ್ತವರಿಗೆ ತೋರಿಸಲಿ. ಕೇಳದವರಿಗೂ ವರ್ಷಕ್ಕೊಮ್ಮೆ ತಿಳಿಸಲಿ.

ಗಟ್ಟಿಯಾಗಿರುವ ಶೀಟಿಗೆ ಕೈ ಹಚ್ಚಬೇಡಿ. ಫ್ಯಾನು ತೂಗಲು, ವೈರು ಎಳೆಯಲು ಅದನ್ನು ಕೊರೆಯಬೇಡಿ. ಪಾಚಿ ಕೆರೆಯಲು ತಂತಿಯ ಬ್ರಷ್ ಬೇಡ. ಚೂರು ಬಿದ್ದರೆ ಒಣ ಕಸಬರಿಗೆಯಿಂದ ಗುಡಿಸದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಕಟ್ಟಿ ತೆಗೆಯಿರಿ. ತೆಗೆಯಲೇಬೇಕಾದ ಛಾವಣಿಯನ್ನು ಬೇಸಿಗೆ ರಜೆಯಲ್ಲಿ, ಒಂದು ಮಗುವೂ ಇಲ್ಲದಾಗ ತೆಗೆಯಿಸಿ. ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಇದನ್ನೆಲ್ಲ ಗುತ್ತಿಗೆಯ ಕಾಗದದಲ್ಲೇ ಬರೆಯಿಸಿ. ಮಿಸ್ತ್ರಿಗೆ ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಕೊಡಿ, ಮೂಗಿಗೆ ಕಟ್ಟಿದ ಟವೆಲ್ಲು ಈ ನಾರನ್ನು ತಡೆಯದು. ಹಳೆಯ ಶೀಟಿನ ಮೇಲೆ ನೇರ ಕಾಲಿಟ್ಟರೆ ಅದು ಒಡೆದು ಆಳು ಕೆಳಗೆ ಬೀಳುತ್ತಾನೆ, ಹಲಗೆ ಹಾಸಬೇಕು. ಈ ಕೆಲಸ ಮಾಡುವವರಲ್ಲಿ ನಮ್ಮ ಮೊಹಲ್ಲಾದ ಹುಡುಗರೇ ಹೆಚ್ಚೆಂಬುದನ್ನು ನೆನಪಿಡಿ.

ತೆಗೆದದ್ದನ್ನು ಎಲ್ಲಿ ಹಾಕಬೇಕು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿ ಬಿಸಾಡಿದ ಆಸ್ಬೆಸ್ಟಾಸಿನ ಹೆಸರಿದೆ. ಅದು ಉತ್ಪಾದನಾ ಘಟಕಗಳ ಶೀರ್ಷಿಕೆಯಡಿ ಇದೆ, ಶಾಲೆಗೆ ಅನ್ವಯಿಸದು ಎಂದು ವಾದಿಸುವ ವಕೀಲರು ಸಿಗಬಹುದು. ಆ ವಾದವನ್ನು ನೆಚ್ಚಿ ಕಾಲುವೆ ದಂಡೆಗೆ ಸುರಿಯಬೇಡಿ. ತೆಗೆಯುವ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ನಗರಸಭೆಗೂ ಪತ್ರ ಬರೆದು ದಾರಿ ಕೇಳಿ, ಸ್ವೀಕೃತಿಯನ್ನು ಕಡತದಲ್ಲಿಡಿ.

ಹಂಪಿ, ಕಮಲಾಪುರದ ಕಡೆಯವರಿಗೆ ಇನ್ನೊಂದು ತೊಡಕಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ದುರಸ್ತಿಗೂ ಅನುಮತಿ ಬೇಕು. 2002ರ ಕಾಯ್ದೆಯಡಿ ರಚನೆಯಾದ ಹಂಪಿ ಪ್ರಾಧಿಕಾರದ ಒಪ್ಪಿಗೆಯೂ ಬೇಕಾಗುತ್ತದೆ. ಈ ಅಲೆದಾಟಕ್ಕೆ ಹೆದರಿ ‘ತಾತ್ಕಾಲಿಕ’ ಎಂದು ಹೊದಿಸಿದ ಶೀಟು ತಲೆಮಾರು ದಾಟುತ್ತದೆ. ವಿಶ್ವ ಪರಂಪರೆಯ ಕಲ್ಲನ್ನು ಕಾಪಾಡುವುದು ಸರಿಯೇ. ಅರ್ಜಿಯಲ್ಲಿ ಕಲ್ನಾರು ಎಂಬ ಪದವನ್ನೂ ಮಕ್ಕಳ ಸಂಖ್ಯೆಯನ್ನೂ ಸ್ಪಷ್ಟವಾಗಿ ಬರೆಯಿರಿ, ಸಾಮಾನ್ಯ ದುರಸ್ತಿಯ ಅರ್ಜಿಗಳ ಕಟ್ಟಿನಲ್ಲಿ ಅದು ಹೂತುಹೋಗಬಾರದು.

ಹಣ? ಸರಕಾರಿ ಶಾಲೆಗಳ ಮಟ್ಟಿಗೆ ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. 371ಜೆ ವಿಧಿಯ ಕಲ್ಯಾಣ ಕರ್ನಾಟಕ ಮಂಡಳಿ ಇದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಇದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವಿದೆ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಆದೇಶದಿಂದ ಸಂಗ್ರಹವಾದ ಸಾವಿರಾರು ಕೋಟಿ ಇದೆ. ಸಂಡೂರಿನ ಗುಡ್ಡ ಕರಗಿಸಿ ಬಂದ ಈ ಹಣದಲ್ಲಿ ಸಂಡೂರಿನ ಮಗುವಿಗೆ ಒಂದು ಛಾವಣಿ ದಕ್ಕದಿದ್ದರೆ ಅದು ಹಣದ ಕೊರತೆಯಲ್ಲ, ಕೇಳುವವರ ಕೊರತೆ. ನಮ್ಮ ಖಾಸಗಿ ಸಂಸ್ಥೆಗಳು ಮಾತ್ರ ತಮ್ಮ ಜೇಬಿಗೇ ಕೈ ಹಾಕಬೇಕು. ಒಂದೇ ವರ್ಷ ಎಲ್ಲವೂ ಆಗದು. ಅತ್ಯಂತ ಹಾಳಾದ ಕೊಠಡಿ ಮೊದಲಾಗಲಿ.

‘ಇಡೀ ಊರೇ ಶೀಟಿನ ಕೆಳಗಿದೆ, ನಮ್ಮ ಮನೆಯೂ ಅದೇ, ಶಾಲೆಯದ್ದೇನು ವಿಶೇಷ?’ ಎಂದು ಹಿರಿಯರೊಬ್ಬರು ಸಭೆಗೆ ಮೊದಲು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಯನ್ನು ಬಡವ ಆರಿಸಿಕೊಂಡದ್ದಲ್ಲ, ಅವನಿಗೆ ದಕ್ಕಿದ್ದು ಅದು. ಅವನ ಮೇಲೆ ಕಾನೂನಿನ ಬೆತ್ತ ಬೀಸುವುದು ಕ್ರೌರ್ಯ. ಆದರೆ ಶಾಲೆಗೆ ಬಾ ಎಂದು ಮಗುವನ್ನು ಕಡ್ಡಾಯ ಮಾಡಿದವರು ನಾವು. ಗೈರುಹಾಜರಾದರೆ ಮನೆಗೆ ಆಳು ಕಳಿಸುವವರು ನಾವು. ಕಡ್ಡಾಯ ಮಾಡಿದವನು ಹೊಣೆಯನ್ನೂ ಹೊರಬೇಕು.

ನನ್ನ ಗುಂಡಿಯ ವಿಷಯ ಬಾಕಿ ಉಳಿಯಿತು. ಅದರ ಮೇಲೆ ಈಗ ಮಣ್ಣು ಕೂತು ಮಕ್ಕಳು ಕಬಡ್ಡಿ ಆಡುತ್ತಾರೆ. ಕಾಂಪೌಂಡಿನ ಮೂಲೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ನೆನಪಿನಿಂದ ಗುರುತಿಸಿ, ಕೈಯಿಂದ ನಕ್ಷೆ ಬರೆದು ಈಗಿನ ಆಡಳಿತ ಮಂಡಳಿಗೆ ಕೊಟ್ಟಿದ್ದೇನೆ. ಅಲ್ಲಿ ಬೋರ್‌ವೆಲ್ಲಿಗಾಗಲಿ ಶೌಚಾಲಯಕ್ಕಾಗಲಿ ಅಗೆಯಬಾರದು, ಮೇಲೆ ಸಿಮೆಂಟಿನ ಹಾಸು ಹಾಕಬೇಕು ಎಂದು ಕೇಳಿಕೊಂಡಿದ್ದೇನೆ. ಆ ಭಾನುವಾರ ಬಂದಿದ್ದ ಹುಡುಗರಲ್ಲಿ ಈ ತನಕ ಹನ್ನೊಂದು ಮಂದಿಯ ಹೆಸರು ಸಿಕ್ಕಿದೆ. ಇಬ್ಬರು ಗಲ್ಫಿನಲ್ಲಿದ್ದಾರೆ, ಒಬ್ಬ ಇದೇ ಊರಿನಲ್ಲಿ ಆಟೋ ಓಡಿಸುತ್ತಾನೆ. ಬೀಡಿ ಬಿಡು, ವೈದ್ಯರ ಬಳಿ ಹೋದಾಗ ಈ ಶೀಟಿನ ವಿಷಯ ಮರೆಯದೆ ಹೇಳು ಎಂದು ಅವನಿಗೆ ಹೇಳಿದೆ. ಅವನು ನಕ್ಕು, ‘ಸರ್, ಅವತ್ತಿನ ಮಿರ್ಚಿ ಮಾತ್ರ ನೆನಪಿದೆ’ ಎಂದ. ಉಳಿದ ಹೆಸರುಗಳನ್ನು ಇನ್ನೂ ಹುಡುಕುತ್ತಿದ್ದೇನೆ.